ಪರನಾಡಿನಲ್ಲಿ ಸ್ವಂತ ಮನೆ: ತಿಳಿಯಬೇಕಾದ ಮೂರು ಹಕ್ಕುಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಜನರಿಗೆ ಊರು ಬಿಡುವುದು ಹೊಸ ಸಂಗತಿಯಲ್ಲ. ಮಳೆ ಕೈಕೊಟ್ಟ ವರ್ಷ ಗೋವೆಗೆ ಗುಳೆ ಹೋದವರಿದ್ದಾರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ತಲೆಮಾರುಗಳ ಮನೆ ಬಿಟ್ಟು ನವನಗರ ಸೇರಿದವರಿದ್ದಾರೆ. ಓದಿ ನೌಕರಿ ಹಿಡಿದು ದುಬೈ, ಸಿಂಗಪುರ, ಅಮೆರಿಕದಲ್ಲಿ ನೆಲೆಸಿದವರೂ ಇದ್ದಾರೆ. ಎಲ್ಲಿಗೆ ಹೋದರೂ ಮೊದಲು ಬಾಡಿಗೆ ಮನೆ. ಕೈಯಲ್ಲಿ ನಾಲ್ಕು ಕಾಸು ಉಳಿದ ಮೇಲೆ ಸ್ವಂತದ್ದೊಂದು ಸೂರು ಬೇಕು ಅನ್ನಿಸುತ್ತದೆ. ಆ ಆಸೆ ಸಹಜವಾದದ್ದು. ಅದನ್ನು ಯಾರೂ ತಪ್ಪು ಅನ್ನುವಂತಿಲ್ಲ. ಆದರೆ ಪರನಾಡಿನಲ್ಲಿ ಮನೆ ಮಾಡುವವರು ಮೂರು ಹಕ್ಕುಗಳನ್ನು ಬೇರೆ ಬೇರೆಯಾಗಿ ವಿಚಾರಿಸಬೇಕು. ಒಂದು, ಅಲ್ಲಿ ಇರುವ ಹಕ್ಕು. ಎರಡು, ಆ ನೆಲದ ಒಡೆತನದ ಹಕ್ಕು. ಮೂರು, ಅದನ್ನು ಮಕ್ಕಳಿಗೆ ದಾಟಿಸುವ ಹಕ್ಕು. ಇವುಗಳಲ್ಲಿ ಒಂದು ಸಿಕ್ಕಿತೆಂದರೆ ಉಳಿದ ಎರಡೂ ಸಿಕ್ಕವು ಎಂದಲ್ಲ. ಮೂರೂ ಖಚಿತವಾಗುವ ತನಕ ಜೀವಮಾನದ ಗಳಿಕೆಯನ್ನು ಪರನಾಡಿನ ನೆಲಕ್ಕೆ ಹಾಕಬಾರದು. ಇವತ್ತು ನಾನು ನಿಮ್ಮ ಮುಂದೆ ಇಡುವ ಮಾತು ಇದೊಂದೇ.

ಈ ವಿಷಯದಲ್ಲಿ ನಮ್ಮ ನೆಲಕ್ಕೆ ಹಳೆಯ ಅನುಭವವಿದೆ. ಐಹೊಳೆ ಎಂದರೆ ಗುಡಿಗಳು ಎಂದು ಎಲ್ಲರೂ ಬಲ್ಲರು. ಅದೇ ಊರಿನ ಹೆಸರು ಹೊತ್ತ ದೊಡ್ಡ ವರ್ತಕ ಸಂಘವೊಂದಿತ್ತು. ಅಯ್ಯಾವೊಳೆ ಐನೂರ್ವರು ಎಂದು ಅವರ ಹೆಸರು. ಮುಂದೆ ಆ ಸಂಘ ಬೆಳೆಯಿತು. ಬೇರೆ ಬೇರೆ ನಾಡಿನ, ಬೇರೆ ಬೇರೆ ನುಡಿಯ ವ್ಯಾಪಾರಿಗಳು ಅದರೊಳಗೆ ಬಂದರು. ಸಮುದ್ರದ ಆಚೆ ಸುಮಾತ್ರಾ ದ್ವೀಪದಲ್ಲಿ ಬಾರೂಸ್ ಎಂಬ ರೇವು ಇದೆ. ಅಲ್ಲಿ 1088ನೇ ಇಸವಿಯ ತಮಿಳು ಶಾಸನವೊಂದು ಸಿಕ್ಕಿದೆ. ಅದನ್ನು ಹಾಕಿಸಿದವರು ಈ ಐನೂರ್ವರ ಬಳಗದವರು. ಹಡಗಿನವರು ಹೊನ್ನಿನ ಲೆಕ್ಕದಲ್ಲಿ ಏನು ಸಲ್ಲಿಸಬೇಕು ಎಂಬ ಕಟ್ಟಳೆ ಅದರಲ್ಲಿದೆ. ಪರದೇಶದಲ್ಲಿ ಕಾಲೂರಿದವರು ಬಾಯಿಮಾತಿಗೆ ಬಿಡದೆ ಕಟ್ಟಳೆಯನ್ನು ಕಲ್ಲಿನಲ್ಲಿ ಬರೆಸಿದರು. ನಮ್ಮ ಭಾಗದ ದಾನಶಾಸನಗಳೂ ಹಾಗೆಯೇ. ಭೂಮಿ ಕೊಟ್ಟೆವು ಎಂದು ಹೇಳಿ ಅವು ಸುಮ್ಮನಾಗುವುದಿಲ್ಲ. ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ದಾರಿ, ಅಳೆದ ಕೋಲು ಯಾವುದು, ಯಾವ ತೆರಿಗೆ ಬಿಟ್ಟಿದೆ ಎಂದು ಒಂದೊಂದಾಗಿ ಬರೆಯುತ್ತವೆ. ಇಂದಿನ ಖರೀದಿ ಪತ್ರದಲ್ಲಿ ನಾವು ಬರೆಸುವ ಚಕ್ಕುಬಂದಿ ಅದೇ ಪದ್ಧತಿಯದು. ನೆಲದ ವ್ಯವಹಾರವನ್ನು ಬರೆಸಿಯೇ ಮಾಡಬೇಕು ಎಂಬ ತಿಳಿವಳಿಕೆ ಈ ಸೀಮೆಯಲ್ಲಿ ಸಾವಿರ ವರ್ಷದಿಂದ ಇದೆ. ಊರು ಬಿಟ್ಟ ಕೂಡಲೇ ನಾವು ಅದನ್ನು ಕೈಬಿಡುವುದೇಕೆ ಎಂಬುದು ನನ್ನ ಪ್ರಶ್ನೆ.

ಮೊದಲ ಹಕ್ಕಿಗೆ ಬರೋಣ. ಅದು ಇರುವ ಹಕ್ಕು. ಇದಕ್ಕೆ ನಮ್ಮ ಹತ್ತಿರದ ಉದಾಹರಣೆ ಗೋವೆ. ಬಾದಾಮಿ, ಹುನಗುಂದ ತಾಲ್ಲೂಕುಗಳ ಒಣ ಬೇಸಾಯದ ಹಳ್ಳಿಗಳಿಗೆ ಗೋವೆಯೇ ಮೊದಲ ಪರನಾಡು. 1961ರ ಡಿಸೆಂಬರ್ ತನಕ ಅದು ನಿಜವಾಗಿಯೂ ಪರದೇಶವಾಗಿತ್ತು. ಸುಮಾರು 450 ವರ್ಷ ಅಲ್ಲಿ ಪೋರ್ಚುಗೀಸರ ಆಳ್ವಿಕೆ ಇತ್ತು. ವಿಮೋಚನೆಯ ನಂತರ ರಸ್ತೆ, ಬಂದರು, ಗಣಿ, ಹೋಟೆಲು, ಮನೆ ಕಟ್ಟುವ ಕೆಲಸ ಎಲ್ಲವೂ ಬೆಳೆದವು. ಆ ಕೆಲಸಕ್ಕೆ ಉತ್ತರ ಕರ್ನಾಟಕದ ಗೌಂಡಿಗಳು, ಕೂಲಿಕಾರರು ಬೇಕಾದರು. ವಾಸ್ಕೋ ಪಟ್ಟಣದ ಬೈನಾ ಎಂಬ ಕಡಲ ದಂಡೆಯಲ್ಲಿ, ಝುವಾರಿನಗರದಲ್ಲಿ, ಮಡಗಾಂವಿನ ಮೋತಿ ಡೋಂಗರದಲ್ಲಿ ಕನ್ನಡ ಮಾತಾಡುವ ದೊಡ್ಡ ವಸತಿಗಳೇ ಬೆಳೆದವು. ಬೈನಾದಲ್ಲಿ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳಿ. 2004ರ ಜೂನ್ ತಿಂಗಳಲ್ಲಿ, ಮಳೆಗಾಲದ ಬಾಗಿಲಲ್ಲಿ, ಅಲ್ಲಿಯ ನೂರಾರು ಮನೆಗಳನ್ನು ಕೆಡವಿದರು. 2015ರಲ್ಲಿ ಮತ್ತೊಮ್ಮೆ ಕನ್ನಡಿಗರ ಮನೆಗಳು ಬಿದ್ದವು. ಅಲ್ಲಿದ್ದವರಲ್ಲಿ ಹಲವರು ಹತ್ತಾರು ವರ್ಷ ವಾಸವಿದ್ದವರು. ಮತದಾರರ ಪಟ್ಟಿಯಲ್ಲಿ ಅವರ ಹೆಸರಿತ್ತು. ರೇಷನ್ ಕಾರ್ಡ್ ಇತ್ತು. ಮನೆಗೆ ಕರೆಂಟ್ ಇತ್ತು. ಆದರೂ ಗೋಡೆ ಉಳಿಯಲಿಲ್ಲ. ಯಾಕೆಂದರೆ ಅವೆಲ್ಲ ನೀವು ಅಲ್ಲಿ ಇದ್ದೀರಿ ಎನ್ನುವುದಕ್ಕೆ ಸಾಕ್ಷಿ. ನೆಲ ನಿಮ್ಮದು ಎನ್ನುವುದಕ್ಕೆ ಸಾಕ್ಷಿ ಅಲ್ಲ. ಕರೆಂಟ್ ಬಿಲ್ಲು, ಮನೆ ತೆರಿಗೆಯ ರಸೀದಿ ಒಡೆತನ ಕೊಡುವುದಿಲ್ಲ ಎಂಬುದು ನಮ್ಮ ದೇಶದ ನ್ಯಾಯಾಲಯಗಳಲ್ಲಿ ಗಟ್ಟಿಯಾಗಿ ನಿಂತ ಮಾತು. ದುಡಿದು ಒಂದು ನಗರವನ್ನೇ ಕಟ್ಟಿಕೊಟ್ಟ ಜನರನ್ನು ಮಳೆಯಲ್ಲಿ ಬೀದಿಗೆ ತಳ್ಳಿದ್ದು ಅನ್ಯಾಯವೇ. ಆ ನೋವನ್ನು ನಾವು ಹೇಳುತ್ತಲೇ ಇರಬೇಕು. ಅದರ ಪಾಠವನ್ನೂ ಮರೆಯಬಾರದು. ಹತ್ತಾರು ವರ್ಷದ ವಾಸವೂ ತಾನಾಗಿ ಒಡೆತನವಾಗುವುದಿಲ್ಲ.

ಇರುವ ಹಕ್ಕು ಬೇರೆ, ಒಡೆತನ ಬೇರೆ ಎಂಬುದನ್ನು ಇಲ್ಲಿಯವರೆಗೆ ನೋಡಿದೆವು. ಇನ್ನು ಎರಡನೆಯ ಹಕ್ಕು, ಒಡೆತನ. ಅದು ಎಲ್ಲಿ ಬರೆದಿರುತ್ತದೆ? ನಮ್ಮಲ್ಲಿ ಅದನ್ನು ಹುಡುಕುವುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ. ಹೊಲದ ಉತಾರವನ್ನು ಕೈಗೆ ತೆಗೆದುಕೊಂಡರೆ ಮೇಲೆ ಸರ್ವೆ ನಂಬರು ಮತ್ತು ಕ್ಷೇತ್ರ. ಒಂಬತ್ತನೆಯ ಕಲಮಿನಲ್ಲಿ ಮಾಲೀಕನ ಹೆಸರು. ಹನ್ನೊಂದನೆಯದರಲ್ಲಿ ಬೋಜಾ, ಅಂದರೆ ಬ್ಯಾಂಕಿನ ಅಥವಾ ಸೊಸೈಟಿಯ ಸಾಲ. ಹನ್ನೆರಡರಲ್ಲಿ ಸಾಗುವಳಿ. ಒಕ್ಕಲು ಮನೆತನದ ಹಿರಿಯರು ಓದು ಬಾರದಿದ್ದರೂ ಯಾವ ಕಲಮಿನಲ್ಲಿ ಏನಿರುತ್ತದೆ ಎಂದು ಹೇಳಬಲ್ಲರು. ಗೋವೆಯಲ್ಲಿ ಇದೇ ಕೆಲಸ ಮಾಡುವ ಕಾಗದಕ್ಕೆ ಒಂದು ಮತ್ತು ಹದಿನಾಲ್ಕನೆಯ ನಮೂನೆ ಎನ್ನುತ್ತಾರೆ. ಅದರಲ್ಲಿ ಭೂಮಿ ಯಾರ ವಶದಲ್ಲಿದೆ ಎಂಬ ಕಲಮು ಇದೆ. ಗೇಣಿದಾರನಿಗೆ ಇನ್ನೊಂದು. ಇತರ ಹಕ್ಕುಗಳಿಗೆ ಮತ್ತೊಂದು. ಇತರ ಹಕ್ಕಿನ ಕಲಮಿನಲ್ಲಿ ಒಂದು ಮನೆ ದಾಖಲಾಗಿದ್ದರೆ ಮನೆ ಒಬ್ಬರದು, ಅದರ ಕೆಳಗಿನ ನೆಲ ಇನ್ನೊಬ್ಬರದು ಎಂದು ಆಗಬಹುದು. ವಶದ ಕಲಮಿನಲ್ಲಿ ವ್ಯಕ್ತಿಯ ಬದಲು ಕೋಮುನಿದಾದ್ ಎಂದು ಬರೆದಿದ್ದರೆ ಅಲ್ಲಿಯೇ ನಿಲ್ಲಬೇಕು. ಕೋಮುನಿದಾದ್ ಎಂದರೆ ಊರಿನ ಮೂಲ ಗಾಂವಕರ ಮನೆತನಗಳ ಭೂಮಿಯನ್ನು ಸಮುದಾಯವಾಗಿ ಹೊಂದಿರುವ ಸಂಸ್ಥೆ. ಪೋರ್ಚುಗೀಸರು ಬರುವ ಮೊದಲೇ ಇದ್ದ ಪದ್ಧತಿ ಅದು. ಗೋವೆಯಲ್ಲಿ ಇಂಥ ಸಂಸ್ಥೆಗಳು 200ಕ್ಕೂ ಹೆಚ್ಚು ಇವೆ. ಅವುಗಳಿಗೆ 1961ರಲ್ಲಿ ಬಂದ ಪ್ರತ್ಯೇಕ ಸಂಹಿತೆಯೇ ಇದೆ. ಆ ಜಮೀನನ್ನು ಒಬ್ಬ ವ್ಯಕ್ತಿ ತನ್ನದೆಂದು ನಿಮಗೆ ಮಾರುವಂತಿಲ್ಲ. ಸ್ಟಾಂಪ್ ಪೇಪರಿನ ಮೇಲೆ ಅವನು ಬರೆದುಕೊಟ್ಟರೂ ಅದಕ್ಕೆ ಬೆಲೆಯಿಲ್ಲ. ತನ್ನಲ್ಲಿ ಇಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು.

ಹಾಗಾದರೆ ವ್ಯಕ್ತಿಯ ಹೆಸರಿನಲ್ಲೇ ಇರುವ ಜಾಗ ಕೊಂಡರೆ ನಿಶ್ಚಿಂತೆಯೇ? ಇಲ್ಲ, ಅಲ್ಲಿಯ ಕುಟುಂಬದ ಕಾನೂನನ್ನೂ ಕೇಳಬೇಕು. ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕುಟುಂಬ ನಿಯಮಗಳು ಇಂದಿಗೂ ನಡೆಯುತ್ತಿವೆ. ಮದುವೆಗೆ ಮೊದಲು ಬೇರೆ ಕರಾರು ಬರೆಸದಿದ್ದರೆ ಗಂಡ ಹೆಂಡತಿಯ ಆಸ್ತಿಯಲ್ಲಿ ಇಬ್ಬರಿಗೂ ಅರ್ಧರ್ಧ ಹಕ್ಕು. ಗಂಡನೊಬ್ಬನೇ ಸಹಿ ಮಾಡಿ ಮನೆ ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ. ಹೆಂಡತಿಯ ಒಪ್ಪಿಗೆಯೂ ಬೇಕು. ಮಾಲೀಕ ತೀರಿಕೊಂಡಿದ್ದರೆ ವಾರಸದಾರರೆಲ್ಲರ ಪಾಲು ತೀರ್ಮಾನವಾಗಿರಬೇಕು. ಆ ವಾರಸದಾರರಲ್ಲಿ ಒಬ್ಬರು ಲಿಸ್ಬನ್ನಿನಲ್ಲಿ, ಒಬ್ಬರು ಲಂಡನ್ನಿನಲ್ಲಿ ಇರುವುದು ಗೋವೆಯಲ್ಲಿ ಸಾಮಾನ್ಯ. ಭತ್ತ ಬೆಳೆಯುವ ಗದ್ದೆಗಳ ಸಂಗತಿ ಮತ್ತೊಂದು. ಅವನ್ನು ಕೃಷಿಕರಲ್ಲದವರಿಗೆ ಮಾರಬಾರದು ಎಂದು ಗೋವಾ ಸರ್ಕಾರ 2023ರಲ್ಲಿ ಕಾನೂನು ಮಾಡಿತು. ನಮ್ಮ ಕರ್ನಾಟಕ 2020ರಲ್ಲಿ ಇದಕ್ಕೆ ತೀರ ವಿರುದ್ಧ ದಿಕ್ಕಿಗೆ ಹೋಗಿ, ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ಅವಕಾಶ ಕೊಟ್ಟಿತು. ಅಕ್ಕಪಕ್ಕದ ಎರಡು ರಾಜ್ಯಗಳಲ್ಲೇ ಇಷ್ಟು ವ್ಯತ್ಯಾಸ. ಊರಿನ ರೂಢಿಯನ್ನು ನಂಬಿ ಪರನಾಡಿನಲ್ಲಿ ವ್ಯವಹಾರ ಮಾಡುವುದು ಯಾಕೆ ಅಪಾಯ ಎಂಬುದು ಇದರಿಂದಲೇ ತಿಳಿಯುತ್ತದೆ. ನಕಲಿ ಕಾಗದಗಳ ಕಾಟವನ್ನೂ ಸೇರಿಸಿಕೊಳ್ಳಿ. ಹಳೆಯ ಕಾಲದ ದಾಖಲೆಗಳನ್ನು ತಿದ್ದಿ, ಊರಲ್ಲಿಲ್ಲದವರ ಆಸ್ತಿಗಳನ್ನು ಮಾರಿದ ಪ್ರಕರಣಗಳು ಎಷ್ಟು ಬೆಳೆದವೆಂದರೆ, 2022ರಲ್ಲಿ ಗೋವಾ ಸರ್ಕಾರ ಅದಕ್ಕಾಗಿಯೇ ವಿಶೇಷ ತನಿಖಾ ತಂಡ ರಚಿಸಬೇಕಾಯಿತು. ಸ್ಥಳೀಯರ ಆಸ್ತಿಗೇ ಈ ಗತಿಯಾದರೆ, ಭಾಷೆ ತಿಳಿಯದ ಕೊಳ್ಳುವವನ ಪಾಡೇನು ಎಂದು ಯೋಚಿಸಿ.

ಗೋವೆಯ ಮಾತಿನಲ್ಲಿ ಎರಡು ಸಂಗತಿ ಸ್ಪಷ್ಟವಾದವು. ವಾಸ ಮಾಡಿದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಒಡೆತನವಾದರೂ ಆಯಾ ನೆಲದ ಕಾನೂನಿನಂತೆ ನಡೆಯುತ್ತದೆ. ಈಗ ಸಮುದ್ರ ದಾಟೋಣ. ಅಲ್ಲಿಯೂ ಇದೇ ನಿಯಮ, ಇನ್ನೂ ಬಿಗಿಯಾಗಿ. ದುಬೈಯಲ್ಲಿ 2006ರ ಕಾನೂನಿನ ಪ್ರಕಾರ ಹೊರದೇಶದವರು ಗುರುತಿಸಿದ ಕೆಲವು ಬಡಾವಣೆಗಳಲ್ಲಿ ಮಾತ್ರ ಆಸ್ತಿ ಮಾಡಬಹುದು. ಅಲ್ಲಿಯೂ ಕೆಲವು ಪೂರ್ಣ ಒಡೆತನದವು, ಕೆಲವು 99 ವರ್ಷದವರೆಗಿನ ಲಾವಣಿಯವು, ಅಂದರೆ ಗುತ್ತಿಗೆಯವು. ಎರಡನ್ನೂ ಮಾರುವವರು ಮನೆ ಎಂದೇ ಕರೆಯುತ್ತಾರೆ. ಕೊಳ್ಳುವವರು ಯಾವುದು ಎಂದು ಕೇಳಬೇಕು. ಸಿಂಗಪುರದಲ್ಲಿ ಹೊರದೇಶದವರು ನೆಲವಿರುವ ಬಿಡಿ ಮನೆ ಕೊಳ್ಳಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಫ್ಲ್ಯಾಟು ಕೊಂಡರೂ 2023ರಿಂದ ಬೆಲೆಯ ಶೇಕಡಾ 60ರಷ್ಟು ಹೆಚ್ಚುವರಿ ಸ್ಟಾಂಪ್ ತೆರಿಗೆ. ಅಂದರೆ ಕೋಟಿ ರೂಪಾಯಿಯ ಮನೆಗೆ 60 ಲಕ್ಷ ತೆರಿಗೆ. ಕೆನಡಾ ದೇಶ 2023ರ ಜನವರಿಯಿಂದ ಹೊರದೇಶದವರು ಮನೆ ಕೊಳ್ಳುವುದನ್ನೇ ಬಹುಮಟ್ಟಿಗೆ ನಿಲ್ಲಿಸಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ, ಅದಾಗಲೇ ಕಟ್ಟಿದ ಮನೆಗಳನ್ನು ಹೊರದೇಶದವರಿಗೆ ಮಾರುವುದನ್ನು ತಡೆಯಿತು. ಅಮೆರಿಕದಲ್ಲಿ ಮನೆ ಕೊಳ್ಳುವುದಕ್ಕೆ ಸಾಮಾನ್ಯವಾಗಿ ಇಂಥ ಅಡ್ಡಿಯಿಲ್ಲ. ಆದರೆ ಅಲ್ಲಿ ಮನೆ ಇದ್ದ ಮಾತ್ರಕ್ಕೆ ಅಲ್ಲಿ ಇರುವ ಹಕ್ಕು ಬರುವುದಿಲ್ಲ. ವೀಸಾ ಮುಗಿದರೆ ಮನೆಯ ಮಾಲೀಕನೂ ಹೊರಡಲೇಬೇಕು. ಬೈನಾದಲ್ಲಿ ವಾಸವಿತ್ತು, ಒಡೆತನವಿರಲಿಲ್ಲ. ಅಮೆರಿಕದಲ್ಲಿ ಒಡೆತನವಿದ್ದೂ ವಾಸದ ಹಕ್ಕು ಇಲ್ಲದಂತೆ ಆಗಬಹುದು. ಎರಡು ಕಡೆಯೂ ಸೋಲುವುದು, ಎರಡು ಹಕ್ಕುಗಳನ್ನು ಒಂದೇ ಎಂದು ತಿಳಿದ ಮನೆತನ.

ಇರುವ ಹಕ್ಕು, ಒಡೆತನದ ಹಕ್ಕು ಇವೆರಡೂ ಆದವು. ಮೂರನೆಯದು ಮಕ್ಕಳಿಗೆ ದಾಟಿಸುವ ಹಕ್ಕು. ಮನೆ ಕೊಳ್ಳುವಾಗ ಇದನ್ನು ಕೇಳುವವರು ಬಹಳ ಕಡಿಮೆ. ಆದರೆ ನಮ್ಮ ಜನ ಮನೆ ಕಟ್ಟುವುದೇ ಮಕ್ಕಳ ಮುಖ ನೋಡಿ. ಆಸ್ತಿ ಎಲ್ಲಿದೆಯೋ ಅಲ್ಲಿಯ ವಾರಸಾ ಕಾನೂನು, ಅಲ್ಲಿಯ ತೆರಿಗೆ ಅದಕ್ಕೆ ತಗಲುತ್ತದೆ. ಗೋವೆಯ ವಾರಸಾ ಕಾನೂನಿನ ಪ್ರಕಾರ ಮಕ್ಕಳಿರುವವರು ತಮ್ಮ ಆಸ್ತಿಯ ಅರ್ಧ ಭಾಗವನ್ನು ಮೃತ್ಯುಪತ್ರ ಬರೆದು ಬೇರೆಯವರಿಗೆ ಕೊಡುವಂತಿಲ್ಲ. ಆ ಅರ್ಧ ಮಕ್ಕಳಿಗೇ ಮೀಸಲು. ಗಂಡು ಹೆಣ್ಣೆಂಬ ಭೇದವೂ ಅಲ್ಲಿಲ್ಲ. ಬ್ರಿಟನ್ನಿನಲ್ಲಿ ಮನೆ ಬಿಟ್ಟು ತೀರಿಕೊಂಡರೆ, ಸುಮಾರು ಮೂರೂಕಾಲು ಲಕ್ಷ ಪೌಂಡು ಮೀರಿದ ಭಾಗಕ್ಕೆ ಸಾಮಾನ್ಯವಾಗಿ ಶೇಕಡಾ 40ರಷ್ಟು ವಾರಸಾ ತೆರಿಗೆ ಇದೆ. ಮಗ ಬಾಗಲಕೋಟೆಯಲ್ಲೇ ಇರಲಿ, ತೆರಿಗೆ ಲಂಡನ್ನಿಗೆ ಸಲ್ಲಬೇಕು. ಭಾರತದಲ್ಲಿ ಇಂಥ ತೆರಿಗೆ 1985ರಲ್ಲೇ ರದ್ದಾಯಿತು. ಅದರಿಂದ ನಮಗೆ ಇದರ ಕಲ್ಪನೆಯೇ ಇರುವುದಿಲ್ಲ. ಊರಿನಲ್ಲಿ ಬರೆದಿಟ್ಟ ಮೃತ್ಯುಪತ್ರವನ್ನು ಹೊರದೇಶದ ಕಚೇರಿ ಹಾಗೆಯೇ ಒಪ್ಪುತ್ತದೆ ಎಂದೂ ತಿಳಿಯಬಾರದು. ಅಲ್ಲಿಯ ನ್ಯಾಯಾಲಯದ ಅನುಮತಿ ಬೇಕಾಗಬಹುದು. ಅದಕ್ಕೆ ವಕೀಲರು ಬೇಕು, ವರ್ಷಗಳು ಬೇಕು. ಆದ್ದರಿಂದ ಹೊರಗೆ ಆಸ್ತಿ ಮಾಡುವವರು ಆಯಾ ನೆಲದ ಕಾನೂನಿಗೆ ಒಪ್ಪುವ ಮೃತ್ಯುಪತ್ರವನ್ನು ಕೊಳ್ಳುವಾಗಲೇ ಬರೆಸುವುದು ಕ್ಷೇಮ.

ಮೂರೂ ಹಕ್ಕುಗಳನ್ನು ಹೇಳಿದ್ದಾಯಿತು. ಈಗ ದುಡ್ಡಿನ ದಾರಿ. ಭಾರತದಲ್ಲಿ ವಾಸಿಸುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಹೊರದೇಶಕ್ಕೆ ಕಳಿಸಬಹುದು. ರೂಪಾಯಿಯಲ್ಲಿ ಅದು ಎರಡು ಕೋಟಿಗೂ ಮೇಲೆ. ರಿಸರ್ವ್ ಬ್ಯಾಂಕಿನ ಈ ಯೋಜನೆಯಲ್ಲಿ ಮನೆ ಕೊಳ್ಳಲೂ ಅವಕಾಶವಿದೆ. ಹತ್ತು ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಶೇಕಡಾ 20ರಷ್ಟು ತೆರಿಗೆಯನ್ನು ಮುಂಗಡ ಹಿಡಿಯುತ್ತದೆ. ಆದಾಯ ತೆರಿಗೆಯ ಲೆಕ್ಕ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದೆ. ಹೊರದೇಶದ ಆಸ್ತಿಯನ್ನು ಆ ಲೆಕ್ಕದಲ್ಲಿ ತೋರಿಸಲೇಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾನೂನಿನ ಪ್ರಕಾರ ಹತ್ತು ಲಕ್ಷ ರೂಪಾಯಿ ದಂಡವಾಗಬಹುದು. ದಾರಿ ನೇರವಾಗಿದೆ. ಹವಾಲಾದ ಅಡ್ಡದಾರಿ ಹಿಡಿದವರು ತಾವು ಕೊಂಡ ಮನೆಯನ್ನು ತಮ್ಮದೆಂದು ಬಾಯಿಬಿಟ್ಟು ಹೇಳಲಾರರು. ಹಾಗೆ ಹೇಳಲಾಗದ ಒಡೆತನದಿಂದ ಪ್ರಯೋಜನವಿಲ್ಲ.

ದುಡ್ಡಿನ ಮಾತು ಬಂದ ಮೇಲೆ ಊರಿನ ಹೊಲದ ಮಾತೂ ಬರಬೇಕು. ಪರನಾಡಿನ ಮನೆಗೆ ರೊಕ್ಕ ಬರುವುದು ಬಹಳ ಸಲ ಅಲ್ಲಿಂದಲೇ. ಈಗಂತೂ ನಮ್ಮ ಜಿಲ್ಲೆಗೆ ಇದು ದೊಡ್ಡ ಪ್ರಶ್ನೆ. ಆಲಮಟ್ಟಿಯ ನೀರಿನ ಮಟ್ಟವನ್ನು ಸುಮಾರು 519 ಮೀಟರಿನಿಂದ 524 ಮೀಟರಿಗೆ ಏರಿಸಿದರೆ 75 ಸಾವಿರ ಎಕರೆಯಷ್ಟು ಭೂಮಿ ಮುಳುಗಡೆಯಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದಕ್ಕೆ ಪರಿಹಾರದ ದರ ನಿರ್ಧರಿಸಿತು. ನೀರಾವರಿ ಎಕರೆಗೆ 40 ಲಕ್ಷ ರೂಪಾಯಿ. ಒಣ ಬೇಸಾಯದ ಎಕರೆಗೆ 30 ಲಕ್ಷ. ಹೊಲದ ಬದಲು ಕೈಗೆ ನಗದು ಬರುವ ಮನೆತನಗಳು ನಮ್ಮಲ್ಲಿ ಸಾವಿರಾರು. ಆ ನಗದನ್ನು ಹುಡುಕಿಕೊಂಡು ಪ್ಲಾಟು ಮಾರುವವರು ಬಂದೇ ಬರುತ್ತಾರೆ. ಗೋವೆಯ ಪ್ಲಾಟು, ದುಬೈಯ ಫ್ಲ್ಯಾಟು, ಬೆಂಗಳೂರಿನ ಸೈಟು ಎಲ್ಲವೂ ಮನೆ ಬಾಗಿಲಿಗೆ ಬರುತ್ತವೆ. ಆಗ ಒಂದು ಸತ್ಯ ನೆನಪಿರಲಿ. ಮುಳುಗಡೆಯ ಪರಿಹಾರ ಸಿಗುವುದೇ ಉತಾರದಲ್ಲಿ ಹೆಸರಿದ್ದವರಿಗೆ. ಅಜ್ಜನ ಹೆಸರಿನಲ್ಲೇ ಉಳಿದ ಹೊಲ, ಬಾಯಿಮಾತಿನಲ್ಲೇ ಆದ ವಾಟ್ನಿ ಅಂದರೆ ಪಾಲು, ಇವು ಪರಿಹಾರದ ಹೊತ್ತಿನಲ್ಲಿ ಅಣ್ಣತಮ್ಮಂದಿರನ್ನು ಕೋರ್ಟಿಗೆ ತರುತ್ತವೆ. ಹಳೆಯ ಬಾಗಲಕೋಟೆ ಮುಳುಗಿದಾಗ ಕಾಗದದ ಬೆಲೆ ಏನೆಂದು ಈ ಊರು ಕಣ್ಣಾರೆ ಕಂಡಿದೆ. ಸರ್ಕಾರವೇ ನಮ್ಮನ್ನು ಎತ್ತಿ ಇನ್ನೊಂದು ಕಡೆ ಕೂಡಿಸಿದಾಗಲೂ ದಾಖಲೆ ಕೇಳಿತು. ನಾವೇ ಎದ್ದು ಹೋಗುವಾಗ ನಮ್ಮನ್ನು ಕೇಳುವವರು ಯಾರೂ ಇಲ್ಲ. ನಾವೇ ಕೇಳಿಕೊಳ್ಳಬೇಕು. ಹೊರದೇಶಕ್ಕೆ ಹೋದವರಿಗೆ ಇನ್ನೊಂದು ಎಚ್ಚರಿಕೆ. ಅನಿವಾಸಿಗಳು ಭಾರತದಲ್ಲಿ ಮನೆ, ಅಂಗಡಿ ಕೊಳ್ಳಬಹುದು. ಹೊಲ, ತೋಟ ಕೊಳ್ಳುವಂತಿಲ್ಲ. ವಾರಸಾ ಹಕ್ಕಿನಿಂದ ಬಂದ ಹೊಲವನ್ನು ಇಟ್ಟುಕೊಳ್ಳಬಹುದು. ಅಂದರೆ ಪರದೇಶದ ಮನೆಗಾಗಿ ಇಂದು ಮಾರಿದ ಹೊಲವನ್ನು, ಅಲ್ಲೇ ನೆಲೆಸಿರುವ ತನಕ ಮತ್ತೆ ಕೊಳ್ಳಲಾಗುವುದಿಲ್ಲ.

ಇಲ್ಲಿಯವರೆಗಿನ ವಾದಕ್ಕೆ ಆಕ್ಷೇಪಣೆಗಳಿವೆ. ಅವಕ್ಕೆ ಉತ್ತರ ಹೇಳದೆ ಮುಗಿಸುವುದು ಸರಿಯಲ್ಲ. ಮೊದಲನೆಯದು ಬಡವರ ಪರವಾಗಿ ಬರುವ ಮಾತು. ದಿನಗೂಲಿಯವನು ಕಾಗದ ನೋಡುತ್ತ ಕೂತರೆ ಮಕ್ಕಳನ್ನು ಎಲ್ಲಿ ಮಲಗಿಸಬೇಕು ಎಂದು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ತಲೆಯ ಮೇಲೊಂದು ತಗಡು ಹಾಕಿಕೊಳ್ಳುವುದು ಅನಿವಾರ್ಯ. ದುಡಿಮೆ ಬೇಕು, ದುಡಿಯುವವರ ವಸತಿ ಬೇಡ ಎನ್ನುವ ನಗರಗಳೇ ಇದರಲ್ಲಿ ಮೊದಲ ತಪ್ಪಿತಸ್ಥರು. ಆದರೆ ತಗಡಿನ ಕೆಳಗೆ ಇರುವುದು ಬೇರೆ, ಅದೇ ಜಾಗಕ್ಕೆ ಇಪ್ಪತ್ತು ವರ್ಷದ ಉಳಿತಾಯ ಸುರಿದು ಸ್ಲ್ಯಾಬು ಹಾಕುವುದು ಬೇರೆ. ಮೊದಲನೆಯದರಲ್ಲಿ ಕಳೆದುಕೊಳ್ಳುವುದು ಸ್ವಲ್ಪ. ಎರಡನೆಯದರಲ್ಲಿ ಕಳೆದುಕೊಳ್ಳುವುದು ಬದುಕು. ಆ ಉಳಿತಾಯದ ಗೂಡನ್ನು ಹಕ್ಕು ಖಚಿತವಾಗಿರುವ ನೆಲದ ಮೇಲೆ ಕಟ್ಟಲಿ. ಅದು ಗೋವೆಯಲ್ಲಿ ಸಿಕ್ಕರೆ ಗೋವೆ, ಇಲ್ಲವಾದರೆ ಊರು. ಊರಿನಲ್ಲಿಯೂ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಇರುವ ಜಾಗವೇ ಆಗಬೇಕು.

ಎರಡನೆಯ ಆಕ್ಷೇಪಣೆ, ಹೇಗಿದ್ದರೂ ಸರ್ಕಾರ ಒಂದು ದಿನ ಸಕ್ರಮ ಮಾಡುತ್ತದೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಖಾಸಗಿ ಜಮೀನಿನ ಅನಧಿಕೃತ ಮನೆಗಳಿಗಾಗಿ ಗೋವೆಯಲ್ಲಿ 2016ರಲ್ಲಿ ಕಾನೂನು ಬಂತು. ಸರ್ಕಾರಿ ಮತ್ತು ಕೋಮುನಿದಾದ್ ಜಮೀನಿನ ಮನೆಗಳಿಗೂ 2025ರಲ್ಲಿ ದಾರಿ ಮಾಡಿದರು. ಆದರೆ ಷರತ್ತು ನೋಡಿ. 2014ರ ಫೆಬ್ರವರಿ ಕೊನೆಗೆ ಮೊದಲು ಮನೆ ಇತ್ತು ಎಂದು ಕಾಗದ ತೋರಿಸಬೇಕು. ಹಾಗಾಗಿ ಸಕ್ರಮದ ಬಾಗಿಲು ತೆರೆಯುವುದೂ ಕಾಗದಕ್ಕೇ. ಈಗ ಅಲ್ಲಿರುವವರು ತಮ್ಮ ಹಳೆಯ ರಸೀದಿಗಳನ್ನು ಜೋಪಾನ ಮಾಡಿ, ಈ ಅವಕಾಶವನ್ನು ಅವಶ್ಯ ವಿಚಾರಿಸಲಿ. ಆದರೆ ಅದನ್ನು ನಂಬಿ ಹೊಸದಾಗಿ ಯಾರೂ ದುಡ್ಡು ಹಾಕಬಾರದು. ಇದೇ ಜಾತಿಯ ಇನ್ನೊಂದು ನಂಬಿಕೆ, 12 ವರ್ಷ ಕೂತರೆ ಜಾಗ ನಮ್ಮದಾಗುತ್ತದೆ ಎಂಬುದು. ಆ 12 ವರ್ಷದ ಮಾತು ಖಾಸಗಿ ಜಮೀನಿನದು. ಸರ್ಕಾರಿ ಜಮೀನಿಗೆ 30 ವರ್ಷ. ಅದೂ ಮಾಲೀಕನ ಅನುಮತಿಯಿಂದ ಇದ್ದ ವಾಸವಾದರೆ ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆದಾರನಾಗಿ 40 ವರ್ಷ ಇದ್ದರೂ ಅವನು ಬಾಡಿಗೆದಾರನೇ. ಹೀಗೆ ಒಪ್ಪಿಗೆಯಿಲ್ಲದೆ ಕೂತ ವಿರುದ್ಧ ಸ್ವಾಧೀನವನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ.

ಮೂರನೆಯ ಆಕ್ಷೇಪಣೆ, ಬಾಡಿಗೆ ಕೊಡುವುದು ದುಡ್ಡನ್ನು ಹೊಳೆಗೆ ಹಾಕಿದಂತೆ ಎಂಬುದು. ಒಂದು ಲೆಕ್ಕ ಮಾಡೋಣ. 50 ಲಕ್ಷದ ಮನೆಯನ್ನು ಪೂರ್ತಿ ಸಾಲದಲ್ಲಿ, ಶೇಕಡಾ 9ರ ಬಡ್ಡಿಯಲ್ಲಿ ಕೊಂಡರು ಎಂದು ಹಿಡಿಯಿರಿ. ಮೊದಲ ವರ್ಷ ಬಡ್ಡಿಯೇ ಸುಮಾರು ನಾಲ್ಕೂವರೆ ಲಕ್ಷ. ತಿಂಗಳಿಗೆ 37 ಸಾವಿರ. ಅಂಥದೇ ಮನೆ 15 ಸಾವಿರಕ್ಕೆ ಬಾಡಿಗೆಗೆ ಸಿಕ್ಕರೆ, ತಿಂಗಳಿಗೆ 22 ಸಾವಿರ ಉಳಿಯುತ್ತದೆ. ನೆಲದ ಬೆಲೆ ಏರಿದರೆ ಕೊಂಡವರಿಗೆ ಲಾಭವಿದೆ, ಅದು ನಿಜ. ಆದರೆ ಆ ಲಾಭ ಒಡೆತನ ಖಚಿತವಿದ್ದವರಿಗೆ ಮಾತ್ರ. ಹಕ್ಕು ಮಸುಕಾದ ಮನೆಯ ಬೆಲೆ ಏರಿದಷ್ಟೂ ಅದರ ಮೇಲೆ ಕಣ್ಣು ಹಾಕುವವರೇ ಹೆಚ್ಚುತ್ತಾರೆ. ಹೊಸ ನಾಡಿನಲ್ಲಿ ಮೊದಲ ಎರಡು ಮೂರು ವರ್ಷ ಬಾಡಿಗೆಗೆ ಇರುವುದು ಆ ನಾಡನ್ನು ಕಲಿಯುವ ಕಾಲ. ಅದು ನಷ್ಟದ ಕಾಲವಲ್ಲ. ನಾಲ್ಕನೆಯ ಆಕ್ಷೇಪಣೆ, ಮಾರಿಸುವವನು ನಮ್ಮೂರವನೇ, ನಂಬಿಕೆ ಇದೆ ಎಂಬುದು. ನಂಬಿಕೆ ಇರಲಿ. ನಂಬಿಕಸ್ಥನಾದವನು ಕಾಗದ ತೋರಿಸಲು ಹಿಂಜರಿಯುವುದಿಲ್ಲ. ಸಂಚಕಾರ ಪತ್ರ ಮತ್ತು ಕುಲಮುಖತ್ಯಾರ ಪತ್ರ ಬರೆದುಕೊಟ್ಟು ಇಷ್ಟೇ ಸಾಕು ಎನ್ನುವವರಿದ್ದಾರೆ. ಮುಖತ್ಯಾರ ಪತ್ರದಿಂದ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ದೇಶದಲ್ಲಿ ನೋಂದಣಿಯಾದ ಖರೀದಿ ಪತ್ರವೇ ಬೇಕು.

ಕೇಳುಗರೆ, ಕೊನೆಯದಾಗಿ ಕೈಗೆ ಹಿಡಿಯುವಂಥ ಮಾತು. ಪರನಾಡಿನಲ್ಲಿ ಮನೆ ಕೊಳ್ಳುವ ಮುನ್ನ ಐದು ಪ್ರಶ್ನೆ ಕೇಳಿ. ನಾನು ಇಲ್ಲಿ ಎಷ್ಟು ಕಾಲ ಇರಬಹುದು, ಯಾವ ಆಧಾರದಿಂದ? ಹೊರಗಿನವನಾದ ನನಗೆ ಈ ಕಾನೂನು ಪೂರ್ಣ ಒಡೆತನ ಕೊಡುತ್ತದೆಯೋ, ಲಾವಣಿಯನ್ನೋ? ಮಾರುವವನಿಗೆ ಮಾರುವ ಹಕ್ಕಿದೆಯೇ, ಅವನ ಮನೆಯವರೆಲ್ಲರ ಸಹಿ ಇದೆಯೇ? ನಾನು ಸತ್ತರೆ ಇದು ನನ್ನ ಹೆಂಡತಿ ಮಕ್ಕಳಿಗೆ ಹೇಗೆ ಹೋಗುತ್ತದೆ? ಊರಿನ ಹೊಲವನ್ನು ಮಾರದೆ ಇದನ್ನು ಕೊಳ್ಳಲು ಸಾಧ್ಯವೇ? ಈ ಐದಕ್ಕೂ ಬರಹದಲ್ಲಿ ಉತ್ತರ ಸಿಕ್ಕರೆ ಧೈರ್ಯದಿಂದ ಕೊಳ್ಳಿ. ಒಂದಕ್ಕೆ ಸಿಗದಿದ್ದರೂ ಬಾಡಿಗೆ ಮನೆಯಲ್ಲಿರಿ. ಮುಂಗಡ ಕೊಡುವ ಮೊದಲು ಅಲ್ಲಿಯದೇ ವಕೀಲರೊಬ್ಬರಿಗೆ ಕಾಗದ ತೋರಿಸಿ. ಅವರು ಮಾರುವವನು ಗೊತ್ತುಮಾಡಿದ ವಕೀಲರಾಗಿರಬಾರದು. ವಕೀಲರ ಶುಲ್ಕ ಭಾರವಾದರೆ ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ಸಲಹೆ ಸಿಗುತ್ತದೆ. 1987ರ ಕಾನೂನು ಕೊಟ್ಟ ಹಕ್ಕು ಅದು. ಹೊರಡುವ ಮೊದಲು ಇಲ್ಲಿ ಮಾಡಬೇಕಾದ ಕೆಲಸವೂ ಒಂದಿದೆ. ಅಜ್ಜನ ಹೆಸರಿನಲ್ಲಿರುವ ಉತಾರವನ್ನು ವಾರಸಾ ಮಾಡಿಸಿ ನಿಮ್ಮ ಹೆಸರಿಗೆ ತನ್ನಿ. ಅಕ್ಕತಂಗಿಯರ ಹೆಸರನ್ನೂ ಅದರಲ್ಲಿ ಸೇರಿಸಿ. ಅದು ಅವರ ಹಕ್ಕು. ಪರಿಹಾರದ ರೊಕ್ಕ ಬರುವ ಮನೆಗಳಲ್ಲಿ ಈ ಕೆಲಸ ಈ ವರ್ಷವೇ ಆಗಲಿ. ರೊಕ್ಕ ಬಂದ ಮೇಲೆ ಒಂದು ವರ್ಷವಾದರೂ ಅದನ್ನು ಬ್ಯಾಂಕಿನಲ್ಲಿ ಬಿಟ್ಟು, ಮನೆಮಂದಿಯೆಲ್ಲ ಕೂತು ವಿಚಾರ ಮಾಡಿ. ನಮ್ಮ ಜನ ದುಡಿದು ದೂರದ ನಾಡುಗಳನ್ನು ಕಟ್ಟಿದ್ದಾರೆ. ಆ ನಾಡುಗಳಲ್ಲಿ ಅವರ ಮನೆಗಳೂ ಗಟ್ಟಿಯಾಗಿ ನಿಲ್ಲಬೇಕು. ಕಾಗದ ಕೇಳುವುದಕ್ಕೆ ಸಂಕೋಚ ಬೇಡ.